ಶಿರಾ ಸೀಮೆಯ ಚರಿತ್ರೆ ಮತ್ತು ತರಗತಿಯ ಪದಗಳು

‘ಮುಸ್ಲಿಮರ ಆಳ್ವಿಕೆ’ ಎಂಬ ಒಂದೇ ತಲೆಬರಹದಡಿ ಶಿರಾದ ಹದಿನೇಳು, ಹದಿನೆಂಟನೆಯ ಶತಮಾನಗಳನ್ನು ಕಲಿಸಿದರೆ, ಅಲ್ಲಿನ ಮಕ್ಕಳಿಗೆ ತಮ್ಮ ಊರಿನ ಕಥೆಯೇ ತಿಳಿಯುವುದಿಲ್ಲ.

ಶಿರಾ ಕೋಟೆಯ ಕೆಲಸ ಆರಂಭಿಸಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. ಅದು ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಊರನ್ನು ಗೆದ್ದ. ಬಿಜಾಪುರದ ಆದಿಲಶಾಹಿಯ ಪರವಾಗಿ ಮಲಿಕ್ ರಿಹಾನ್ ಇಲ್ಲಿ ಆಡಳಿತ ನಡೆಸಿದ. ಅದೇ ಬಿಜಾಪುರದ ಸುಲ್ತಾನರು ಈ ಭಾಗದ ಸೀಮೆಗಳನ್ನು ಮರಾಠ ಸರದಾರ ಶಹಾಜಿ ಭೋಸಲೆಗೆ ಜಹಗೀರು ಕೊಟ್ಟಿದ್ದರು. 1686ರಲ್ಲಿ ಮೊಗಲ್ ಬಾದಶಹ ಔರಂಗಜೇಬನು ಬಿಜಾಪುರವನ್ನೇ ಮುರಿದ; ಮುಸ್ಲಿಂ ದೊರೆಯೊಬ್ಬ ಮತ್ತೊಬ್ಬ ಮುಸ್ಲಿಂ ದೊರೆಯ ರಾಜ್ಯವನ್ನು ಕಿತ್ತುಕೊಂಡ. ಮರುವರ್ಷ ಮೊಗಲ್ ಸೇನಾನಿ ಖಾಸಿಂ ಖಾನ್ ಶಿರಾವನ್ನು ಸುಬಾದ (ಪ್ರಾಂತ್ಯದ) ರಾಜಧಾನಿ ಮಾಡಿದ. ಬಸವಾಪಟ್ಟಣ, ಬೂದಿಹಾಳ, ಪೆನುಗೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಪರಗಣೆಗಳು ಅದಕ್ಕೆ ಸೇರಿದ್ದವು. 1757ರಲ್ಲಿ ಪೇಶ್ವೆಯ ಮರಾಠರು ಬಂದರು, 1761ರಲ್ಲಿ ಮೈಸೂರಿನ ಹೈದರಾಲಿ ಬಂದ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಮಧುಗಿರಿ ಕೋಟೆಯಲ್ಲಿ ಸೆರೆಯಿಟ್ಟಿದ್ದೂ ರಾಜ್ಯ ಗೆದ್ದ ಕಥೆಯೇ. ಇಲ್ಲಿ ಆದಿಲಶಾಹಿ, ಮೊಗಲ್, ಪೇಶ್ವೆ, ಮೈಸೂರು ಎಂಬ ಹೆಸರುಗಳೇ ಸರಿಯಾದ ಪದಗಳು. ಅವು ಯಾರು ಯಾರೊಡನೆ ಏಕೆ ಕಾದಾಡಿದರು ಎಂಬುದನ್ನು ಹೇಳುತ್ತವೆ.

ಹಳೆಯ ಶಾಸನಗಳಿಗೂ ಈ ಎಚ್ಚರ ಬೇಕು. ಅಲ್ಲಿ ಬರುವ ‘ತುರುಕ’, ‘ತುರುಷ್ಕ’ಗಳು ಬಹುಮಟ್ಟಿಗೆ ಜನಾಂಗ, ಸೈನ್ಯ, ಅರಸುತನಗಳನ್ನು ಸೂಚಿಸುತ್ತವೆ. ವಿಜಯನಗರದ ಮೊದಲ ಅರಸರೇ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಧರಿಸಿದರು, ಸುರತ್ರಾಣವೆಂದರೆ ಸುಲ್ತಾನ. ಶಾಸನತಜ್ಞ ಬಿ.ಎಲ್. ರೈಸ್ ಕಾಲದ ಇಂಗ್ಲಿಷ್ ಬರಹಗಳಿಂದ ಬಂದ ‘ಮಹಮ್ಮದೀಯ’ ಎಂಬ ಪದ ಬೇರೆ ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಮುಸ್ಲಿಮರು ಆರಾಧಿಸುವುದು ಮುಹಮ್ಮದರನ್ನಲ್ಲ, ಅಲ್ಲಾಹನನ್ನು. ಮುಹಮ್ಮದರು ಅವರಿಗೆ ಪ್ರವಾದಿ. ಧರ್ಮ ಇಸ್ಲಾಂ, ಅನುಯಾಯಿಗಳು ಮುಸ್ಲಿಮರು ಎಂದಷ್ಟನ್ನು ತಪ್ಪಿಲ್ಲದೆ ಕಲಿಸಲು ಒಂದು ಪಾಠವೂ ಬೇಕಿಲ್ಲ.

ಶಿರಾದ ಕಟ್ಟಡಗಳೇ ಒಳ್ಳೆಯ ಪಠ್ಯ. 1696ರ ಜುಮ್ಮಾ ಮಸೀದಿ ಶುಕ್ರವಾರದ ಸಾಮೂಹಿಕ ನಮಾಜಿನ ಜಾಗ. 1651ರ ಮಲಿಕ್ ರಿಹಾನ್ ಕಟ್ಟಡ ಆಡಳಿತಗಾರನ ಗೋರಿ. ಊರವರು ಅದನ್ನು ದರ್ಗಾ ಎನ್ನುತ್ತಾರೆ. ದರ್ಗಾ ಎಂಬುದು ಸಾಮಾನ್ಯವಾಗಿ ಸೂಫಿ ಸಂತರ ಸಮಾಧಿಗೆ ಸಲ್ಲುವ ಮಾತು. ಶಿಕ್ಷಕರು ಎರಡನ್ನೂ ಹೇಳಬೇಕು. ಜನರ ಬಳಕೆಯನ್ನು ತಿದ್ದಿ ಅಳಿಸುವುದೂ ಚರಿತ್ರೆಗೆ ಬಗೆಯುವ ದ್ರೋಹ.

ಹಬ್ಬದ ಹೆಸರುಗಳಿಗೂ ಇದೇ ಎಚ್ಚರ ಬೇಕು. ಆಂಧ್ರದ ನೆಲ ಬಹುಮಟ್ಟಿಗೆ ಸುತ್ತುವರಿದ ಪಾವಗಡದಲ್ಲಿ ಮೊಹರಂ ಕನ್ನಡದವರಿಗೆ ಬಾಬಯ್ಯನ ಹಬ್ಬ, ತೆಲುಗರಿಗೆ ಪೀರ್ಲ ಪಂಡುಗ. ಆದರೆ ಮೊಹರಂ ಇಸ್ಲಾಮೀ ವರ್ಷದ ಮೊದಲ ತಿಂಗಳ ಹೆಸರು. ಅದರ ಹತ್ತನೆಯ ದಿನ, ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದ ಇಮಾಮ್ ಹುಸೇನರ ನೆನಪಿನದು. ‘ಮುಸ್ಲಿಮರ ಭಾಷೆ ಉರ್ದು’ ಎಂಬ ಮಾತೂ ‘ಮುಸ್ಲಿಮರ ಆಳ್ವಿಕೆ’ಯಷ್ಟೇ ಅರೆಬರೆ. ಮನೆಯಲ್ಲಿ ಕನ್ನಡ, ತೆಲುಗು ಆಡುವ ಪಿಂಜಾರ ಕುಟುಂಬಗಳು ಕರ್ನಾಟಕದಲ್ಲಿವೆ, ಉರ್ದುವಿಗಿಂತ ದಖನಿಯನ್ನೇ ಮಾತಾಡುವವರೂ ಇದ್ದಾರೆ.