೨೦೧೯ರ ಕರ್ನಾಟಕ ಮುಖ್ಯಮಂತ್ರಿ ಬದಲಾವಣೆಗೆ ಸಾರ್ವಜನಿಕ ಪ್ರತಿಕ್ರಿಯೆ

೨೦೧೯ರ ಜುಲೈ ೨೬ರಂದು ಬಿ. ಎಸ್. ಯಡಿಯೂರಪ್ಪ ಅವರು ನಾಲ್ಕನೆಯ ಬಾರಿಗೆ ಕರ್ನಾಟಕದ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಸಾರ್ವತ್ರಿಕ ಚುನಾವಣೆ ನಡೆಯದೆ, ಆಡಳಿತ ಪಕ್ಷಗಳ ಶಾಸಕರ ರಾಜೀನಾಮೆಗಳಿಂದ ಆದ ಈ ಬದಲಾವಣೆ ರಾಜ್ಯದ ಜನಾಭಿಪ್ರಾಯವನ್ನು ಎರಡಾಗಿ ಒಡೆಯಿತು. ಹೊಸ ನಾಯಕನ ಅಧಿಕಾರಕ್ಕೆ ಜನಾದೇಶದ ಆಧಾರವಿದೆಯೇ ಎಂಬುದು ವಿವಾದದ ಕೇಂದ್ರ ಪ್ರಶ್ನೆಯಾಗಿತ್ತು. ಇದೇ ವಾರದಲ್ಲಿ ಬ್ರಿಟನ್ನಿನಲ್ಲಿ ಬೋರಿಸ್ ಜಾನ್ಸನ್ ಪ್ರಧಾನಮಂತ್ರಿಯಾದಾಗ ಅಲ್ಲಿಯೂ ಇಂಥದೇ ಪ್ರಶ್ನೆ ಎದ್ದಿತ್ತು.

ಹಿನ್ನೆಲೆ

೨೦೧೮ರ ಮೇ ೧೨ರಂದು ರಾಜ್ಯದ ೨೨೪ ವಿಧಾನಸಭಾ ಕ್ಷೇತ್ರಗಳ ಪೈಕಿ ೨೨೨ರಲ್ಲಿ ಮತದಾನ ನಡೆಯಿತು. ಭಾರತೀಯ ಜನತಾ ಪಕ್ಷ ೧೦೪, ಕಾಂಗ್ರೆಸ್ ೭೮ ಹಾಗೂ ಜನತಾದಳ (ಜಾತ್ಯತೀತ) ೩೭ ಸ್ಥಾನಗಳನ್ನು ಪಡೆದವು. ಸ್ಥಾನಗಳಲ್ಲಿ ಬಿಜೆಪಿ ಮುಂದಿದ್ದರೂ ಮತಪ್ರಮಾಣದಲ್ಲಿ ಕಾಂಗ್ರೆಸ್ ಸುಮಾರು ಶೇ. ೩೮ರೊಂದಿಗೆ ಮೊದಲ ಸ್ಥಾನದಲ್ಲಿತ್ತು. ಮೇ ೧೭ರಂದು ಮುಖ್ಯಮಂತ್ರಿಯಾದ ಯಡಿಯೂರಪ್ಪ ಬಹುಮತ ಪರೀಕ್ಷೆಗೆ ಮೊದಲೇ, ಮೇ ೧೯ರಂದು ರಾಜೀನಾಮೆ ನೀಡಿದರು. ಮೇ ೨೩ರಂದು ಎಚ್. ಡಿ. ಕುಮಾರಸ್ವಾಮಿ ನೇತೃತ್ವದ ಸಮ್ಮಿಶ್ರ ಸರ್ಕಾರ ರಚನೆಯಾಯಿತು.

೨೦೧೯ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ರಾಜ್ಯದ ೨೮ ಸ್ಥಾನಗಳಲ್ಲಿ ೨೫ನ್ನು ಗೆದ್ದಿತು. ಜುಲೈ ತಿಂಗಳಿನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರು ರಾಜೀನಾಮೆ ಸಲ್ಲಿಸಿ, ಹಲವರು ಮುಂಬಯಿಯ ಹೋಟೆಲಿನಲ್ಲಿ ತಂಗಿದರು. ಜುಲೈ ೨೩ರಂದು ಕುಮಾರಸ್ವಾಮಿ ಅವರ ವಿಶ್ವಾಸಮತ ಯಾಚನೆ ೯೯–೧೦೫ ಮತಗಳಿಂದ ಬಿದ್ದುಹೋಯಿತು. ಸಭಾಧ್ಯಕ್ಷ ಕೆ. ಆರ್. ರಮೇಶ್ ಕುಮಾರ್ ಅವರು ಜುಲೈ ೨೫ ಮತ್ತು ೨೮ರಂದು ಒಟ್ಟು ೧೭ ಶಾಸಕರನ್ನು ಅನರ್ಹಗೊಳಿಸಿದರು. ಜುಲೈ ೨೯ರಂದು ಯಡಿಯೂರಪ್ಪ ಧ್ವನಿಮತದ ಮೂಲಕ ಬಹುಮತ ಸಾಬೀತುಪಡಿಸಿದರು.

ಪರ ಮತ್ತು ವಿರೋಧ ವಾದಗಳು

ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷವನ್ನು ಹೊರಗಿಟ್ಟು ರಚನೆಯಾದ ಸಮ್ಮಿಶ್ರ ಸರ್ಕಾರವೇ ಜನಾದೇಶಕ್ಕೆ ವಿರುದ್ಧವಾಗಿತ್ತು ಮತ್ತು ಲೋಕಸಭಾ ಫಲಿತಾಂಶ ಅದನ್ನು ದೃಢಪಡಿಸಿತು ಎಂಬುದು ಬೆಂಬಲಿಗರ ವಾದವಾಗಿತ್ತು. ಆಮಿಷದಿಂದ ಶಾಸಕರನ್ನು ಸೆಳೆದು ಹಿಂಬಾಗಿಲಿನಿಂದ ಅಧಿಕಾರ ಹಿಡಿಯಲಾಗಿದೆ ಎಂದು ಕಾಂಗ್ರೆಸ್ ಮತ್ತು ಜೆಡಿಎಸ್ ಆರೋಪಿಸಿದವು. ೨೦೦೮ರಿಂದ ಬಳಕೆಯಲ್ಲಿದ್ದ 'ಆಪರೇಷನ್ ಕಮಲ' ಎಂಬ ಮಾತು ಮತ್ತೆ ಚಾಲ್ತಿಗೆ ಬಂದಿತು. ಅದೇ ಶಾಸಕರನ್ನು ಒಂದು ಕಡೆಯವರು 'ಅನರ್ಹರು' ಎಂದು ಜರೆದರೆ, ಇನ್ನೊಂದು ಕಡೆಯವರು 'ತ್ಯಾಗ' ಮಾಡಿದವರು ಎಂದು ಬಣ್ಣಿಸಿದರು.

ಅಧಿಕಾರ ಸ್ವೀಕರಿಸಿದ ದಿನವೇ ಮುಖ್ಯಮಂತ್ರಿಗಳು ನೇಕಾರರ ಸಾಲ ಮನ್ನಾ ಹಾಗೂ ಪಿಎಂ ಕಿಸಾನ್ ಫಲಾನುಭವಿಗಳಿಗೆ ರಾಜ್ಯದಿಂದ ಹೆಚ್ಚುವರಿ ೪,೦೦೦ ರೂಪಾಯಿಗಳನ್ನು ಘೋಷಿಸಿದರು. ಜುಲೈ ೩೦ರಂದು ಸರ್ಕಾರಿ ಟಿಪ್ಪು ಜಯಂತಿಯನ್ನು ರದ್ದುಗೊಳಿಸಿದ ನಿರ್ಧಾರವನ್ನು ಬಿಜೆಪಿ ಬೆಂಬಲಿಗರು ಸ್ವಾಗತಿಸಿದರೆ ಕಾಂಗ್ರೆಸ್ ವಿರೋಧಿಸಿತು.

ಯಾದಗಿರಿ ಜಿಲ್ಲೆ

ಯಾದಗಿರಿ ಜಿಲ್ಲೆಯ ನಾಲ್ಕು ಕ್ಷೇತ್ರಗಳು ೨೦೧೮ರಲ್ಲಿ ಮೂರು ಪಕ್ಷಗಳ ನಡುವೆ ಹಂಚಿಹೋಗಿದ್ದವು. ರಂಗಂಪೇಟೆಯನ್ನು ಒಳಗೊಂಡ ಸುರಪುರ ಮೀಸಲು ಕ್ಷೇತ್ರದಿಂದ ರಾಜೂಗೌಡ ಎಂದು ಪರಿಚಿತರಾದ ನರಸಿಂಹ ನಾಯಕ ಹಾಗೂ ಯಾದಗಿರಿಯಿಂದ ವೆಂಕಟರೆಡ್ಡಿ ಮುದ್ನಾಳ ಬಿಜೆಪಿ ಶಾಸಕರಾಗಿದ್ದರು. ಶಹಾಪುರದಲ್ಲಿ ಕಾಂಗ್ರೆಸ್ಸಿನ ಶರಣಬಸಪ್ಪ ದರ್ಶನಾಪುರ, ಗುರುಮಠಕಲ್‌ನಲ್ಲಿ ಜೆಡಿಎಸ್‌ನ ನಾಗನಗೌಡ ಕಂದಕೂರ ಆಯ್ಕೆಯಾಗಿದ್ದರು.

ಶಾಸಕರನ್ನು ಸೆಳೆಯುವ ಯತ್ನದ ಆರೋಪವೊಂದು ಈ ಜಿಲ್ಲೆಗೇ ಸಂಬಂಧಿಸಿತ್ತು. ೨೦೧೯ರ ಫೆಬ್ರುವರಿಯಲ್ಲಿ ಕುಮಾರಸ್ವಾಮಿ ಧ್ವನಿಮುದ್ರಿಕೆಯೊಂದನ್ನು ಬಿಡುಗಡೆ ಮಾಡಿ, ನಾಗನಗೌಡರ ಪುತ್ರ ಶರಣಗೌಡ ಕಂದಕೂರ ಅವರೊಂದಿಗೆ ದೇವದುರ್ಗದಲ್ಲಿ ಯಡಿಯೂರಪ್ಪ ನಡೆಸಿದ ಮಾತುಕತೆ ಅದರಲ್ಲಿದೆ ಎಂದರು. ಯಡಿಯೂರಪ್ಪ ಅದನ್ನು ಮೊದಲು ನಕಲಿ ಎಂದು ತಳ್ಳಿಹಾಕಿದರು; ಬಳಿಕ ಭೇಟಿ ನಡೆದದ್ದನ್ನು ಒಪ್ಪಿಕೊಂಡರಾದರೂ, ಮಾತುಗಳನ್ನು ತಮಗೆ ಬೇಕಾದಂತೆ ಕತ್ತರಿಸಲಾಗಿದೆ ಎಂದು ಹೇಳಿದರು. ನಾಗನಗೌಡರು ಪಕ್ಷ ತೊರೆಯಲಿಲ್ಲ.

ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ ನದಿಯ ಪ್ರವಾಹ ಉತ್ತರ ಕರ್ನಾಟಕವನ್ನು ಆವರಿಸಿತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಬಿಟ್ಟ ನೀರು ಜಿಲ್ಲೆಯ ನದಿತೀರದ ಜಮೀನುಗಳಿಗೆ ನುಗ್ಗಿತು. ಆಗಸ್ಟ್ ೨೦ರವರೆಗೆ ಮುಖ್ಯಮಂತ್ರಿಗಳೊಬ್ಬರೇ ಸಚಿವ ಸಂಪುಟವಾಗಿದ್ದುದು ಈ ಸಂದರ್ಭದಲ್ಲಿ ತೀವ್ರ ಟೀಕೆಗೆ ಗುರಿಯಾಯಿತು. ಅಂದು ಪ್ರಮಾಣವಚನ ಸ್ವೀಕರಿಸಿದ ೧೭ ಸಚಿವರಲ್ಲಿ ಈ ಭಾಗದ ಆರು ಜಿಲ್ಲೆಗಳ ಕ್ಷೇತ್ರಗಳಿಂದ ಆಯ್ಕೆಯಾದವರು ಬೀದರ ಜಿಲ್ಲೆಯ ಪ್ರಭು ಚವ್ಹಾಣ್ ಒಬ್ಬರೇ ಆಗಿದ್ದರು. ಯಾದಗಿರಿ ಜಿಲ್ಲೆಗೆ ಸ್ಥಾನ ಸಿಗಲಿಲ್ಲ. ಸೆಪ್ಟೆಂಬರ್ ೧೭ರಂದು ಹೈದರಾಬಾದ್ ಕರ್ನಾಟಕಕ್ಕೆ 'ಕಲ್ಯಾಣ ಕರ್ನಾಟಕ' ಎಂದು ಮರುನಾಮಕರಣ ಮಾಡಲಾಯಿತು. ಹೆಸರಿನ ಜೊತೆಗೆ ಸಂವಿಧಾನದ ೩೭೧(ಜೆ) ವಿಧಿಯಡಿ ದೊರೆಯಬೇಕಾದ ಅನುದಾನ ಮತ್ತು ಉದ್ಯೋಗಗಳೂ ಸಮರ್ಪಕವಾಗಿ ಸಿಗಬೇಕೆಂಬ ಬೇಡಿಕೆ ಮುಂದುವರಿಯಿತು.

ಬ್ರಿಟನ್ನಿನೊಂದಿಗೆ ಹೋಲಿಕೆ

ಕರ್ನಾಟಕದಲ್ಲಿ ವಿಶ್ವಾಸಮತ ಬಿದ್ದ ಜುಲೈ ೨೩ರಂದೇ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕತ್ವ ಚುನಾವಣೆಯ ಫಲಿತಾಂಶ ಪ್ರಕಟವಾಯಿತು. ಪಕ್ಷದ ಸದಸ್ಯರ ೯೨,೧೫೩ ಮತಗಳನ್ನು ಪಡೆದ ಜಾನ್ಸನ್ ಮರುದಿನ ಪ್ರಧಾನಮಂತ್ರಿಯಾದರು. ಐರೋಪ್ಯ ಒಕ್ಕೂಟದಿಂದ ಹೊರಬರುವ ಬ್ರೆಕ್ಸಿಟ್ ವಿವಾದದಿಂದ ಆಗಲೇ ಒಡೆದಿದ್ದ ದೇಶದಲ್ಲಿ, ಇಷ್ಟು ಸಣ್ಣ ಸಮುದಾಯ ಪ್ರಧಾನಿಯನ್ನು ಆರಿಸಿದ್ದನ್ನು ವಿರೋಧಿಗಳು ಪ್ರಶ್ನಿಸಿದರು.

ಎರಡೂ ಕಡೆ ವಿವಾದ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಜಾನ್ಸನ್ ಸಂಸತ್ತಿನ ಅಧಿವೇಶನವನ್ನು ಮುಂದೂಡಿಸಿದ್ದು ಕಾನೂನುಬಾಹಿರವೆಂದು ಬ್ರಿಟನ್ನಿನ ನ್ಯಾಯಾಲಯ ಸೆಪ್ಟೆಂಬರ್ ೨೪ರಂದು ತೀರ್ಪಿತ್ತಿತು. ಭಾರತದ ಸರ್ವೋಚ್ಚ ನ್ಯಾಯಾಲಯ ನವೆಂಬರ್ ೧೩ರಂದು ಕರ್ನಾಟಕದ ೧೭ ಶಾಸಕರ ಅನರ್ಹತೆಯನ್ನು ಎತ್ತಿಹಿಡಿದರೂ ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವರಿಗೆ ಅವಕಾಶ ನೀಡಿತು.

ಮತದಾರರ ತೀರ್ಪು

ಡಿಸೆಂಬರ್ ೫ರಂದು ೧೫ ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಡಿಸೆಂಬರ್ ೯ರ ಫಲಿತಾಂಶದಲ್ಲಿ ಬಿಜೆಪಿ ೧೨, ಕಾಂಗ್ರೆಸ್ ೨ ಮತ್ತು ಪಕ್ಷೇತರ ಅಭ್ಯರ್ಥಿ ೧ ಸ್ಥಾನ ಗೆದ್ದರು. ಮೂರು ದಿನಗಳ ನಂತರ ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಯಲ್ಲಿ ಜಾನ್ಸನ್ ಪಕ್ಷ ೬೫೦ರಲ್ಲಿ ೩೬೫ ಸ್ಥಾನಗಳನ್ನು ಪಡೆಯಿತು. ಬ್ರಿಟನ್ನಿನಲ್ಲಿ ಇಡೀ ದೇಶ ಮತ ಚಲಾಯಿಸಿದರೆ, ಕರ್ನಾಟಕದಲ್ಲಿ ಆ ಅವಕಾಶ ಕೆಲವೇ ಕ್ಷೇತ್ರಗಳಿಗೆ ಸೀಮಿತವಾಗಿತ್ತು. ಯಾದಗಿರಿಗೆ ಸಮೀಪದ ಮಸ್ಕಿ ಕ್ಷೇತ್ರದ ಉಪಚುನಾವಣೆ ೨೦೨೧ರ ಏಪ್ರಿಲ್‌ನಲ್ಲಿ ನಡೆದು, ಅನರ್ಹಗೊಂಡಿದ್ದ ಪ್ರತಾಪಗೌಡ ಪಾಟೀಲ ಅವರು ಕಾಂಗ್ರೆಸ್ಸಿನ ಬಸನಗೌಡ ತುರ್ವಿಹಾಳ ಅವರೆದುರು ಸೋತರು.

ಯಡಿಯೂರಪ್ಪ ೨೦೨೧ರ ಜುಲೈ ೨೬ರಂದು, ಅಧಿಕಾರ ವಹಿಸಿಕೊಂಡು ಎರಡು ವರ್ಷ ತುಂಬಿದ ದಿನ, ರಾಜೀನಾಮೆ ನೀಡಿದರು. ಸುರಪುರವೂ ಸೇರಿದಂತೆ ಯಾದಗಿರಿ ಜಿಲ್ಲೆಯ ಮತದಾರರಿಗೆ ವಿಧಾನಸಭೆಗೆ ಮತ ಹಾಕುವ ಸರದಿ ಬಂದದ್ದು ೨೦೨೩ರ ಮೇ ೧೦ರಂದು. ಆಗ ಬಿಜೆಪಿ ಜಿಲ್ಲೆಯ ತನ್ನ ಎರಡೂ ಸ್ಥಾನಗಳನ್ನು ಕಳೆದುಕೊಂಡಿತು. ಗುರುಮಠಕಲ್‌ನಿಂದ ಶರಣಗೌಡ ಕಂದಕೂರ ಜೆಡಿಎಸ್ ಶಾಸಕರಾಗಿ ಆಯ್ಕೆಯಾದರು.