ಬಾಣಂತಿಸನ್ನಿ: ಒಂದು ರೋಗನಾಮದ ವಿಚಾರ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳಲ್ಲಿ, ಹಳೆಯ ಮೈಸೂರಿನ ಉಳಿದೆಡೆಗಳಲ್ಲಿರುವಂತೆಯೇ, ಹೆರಿಗೆಯಾದ ಕೆಲವು ದಿನಗಳೊಳಗೆ ಹೆಂಗಸೊಬ್ಬಳು ನಿದ್ರೆಗೆಟ್ಟು, ಮಾತು ತಪ್ಪಿ, ಹಡೆದ ಕೂಸನ್ನೇ ಗುರುತಿಸದಂತಾದರೆ ಅದಕ್ಕೆ ‘ಬಾಣಂತಿಸನ್ನಿ’ ಎಂದು ಹೆಸರು. ‘ಸನ್ನಿ’ಯು ‘ಸನ್ನಿಪಾತ’ದ ತದ್ಭವ. ವಾತ, ಪಿತ್ತ, ಕಫಗಳು ಮೂರೂ ಒಟ್ಟಿಗೆ ಕೆರಳುವುದೇ ಸನ್ನಿಪಾತ. ಅದರಿಂದ ಹುಟ್ಟುವ ಜ್ವರದಲ್ಲಿ ಪ್ರಲಾಪವೂ ಒಂದು ಲಕ್ಷಣ. ಆದಕಾರಣ ಈ ಪದವು ಮೊದಲು ಸೂಚಿಸಿದುದು ಜ್ವರದ ಮತಿಭ್ರಮೆಯನ್ನೇ ಹೊರತು ಕೇವಲ ಹುಚ್ಚನ್ನಲ್ಲವೆಂದು ಊಹಿಸಲು ಅವಕಾಶವುಂಟು. ಬಳಕೆಯಲ್ಲಿ ಈ ಭೇದವು ಅಳಿದುಹೋಯಿತು. ಅಳಿದುದರ ಫಲ ಸಣ್ಣದಲ್ಲ.

ಸೂತಿಕೆಗೆ ಬಂದ ವ್ಯಾಧಿಯು ಕಷ್ಟಸಾಧ್ಯ ಅಥವಾ ಅಸಾಧ್ಯವೆಂದು ಚರಕಸಂಹಿತೆಯ ಶಾರೀರಸ್ಥಾನವು ಎಚ್ಚರಿಸುತ್ತದೆ. ಹಿಪ್ಪೊಕ್ರಟೀಸನ ಹೆಸರಿನ ಗ್ರಂಥಗಳಲ್ಲಿ, ಅವಳಿ ಹೆಣ್ಣುಮಕ್ಕಳನ್ನು ಹೆತ್ತು, ಜ್ವರಬಂದು, ಭ್ರಮೆಗೊಂಡು 17ನೆಯ ದಿನ ತೀರಿಕೊಂಡ ಸಿಜಿಕಸ್ ಪಟ್ಟಣದ ಹೆಂಗಸಿನ ವೃತ್ತಾಂತವಿದೆ. ಅದನ್ನು ಪ್ರಸವೋನ್ಮಾದದ ಹಳೆಯ ದಾಖಲೆಯೆಂದು ಉದಾಹರಿಸುವ ವಾಡಿಕೆಯುಂಟು. ಲಕ್ಷಣಗಳನ್ನು ನೋಡಿದರೆ ಅದು ಸೂತಿಕಾಜ್ವರವೆಂಬುದೇ ಹೆಚ್ಚು ಸಂಭವ. ಫ್ರಾನ್ಸಿನ ಮಾರ್ಸೆ ಎಂಬ ವೈದ್ಯನು 1858ರಲ್ಲಿ ಗರ್ಭಿಣಿಯರ ಮತ್ತು ಬಾಣಂತಿಯರ ಉನ್ಮಾದವನ್ನೇ ಕುರಿತು ಪ್ರತ್ಯೇಕ ಗ್ರಂಥವನ್ನು ರಚಿಸಿದನು.

ಇಂದಿನ ಶಾಸ್ತ್ರದ ಪ್ರಕಾರ ನಿಜವಾದ ಪ್ರಸವೋನ್ಮಾದವು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣುತ್ತದೆ. ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿಯೇ. ತೊಡಕೆಂದರೆ, ಅದರಲ್ಲಿಯೂ ರೋಗಿಯು ಗಳಿಗೆಗೊಮ್ಮೆ ತಿಳಿವಾಗಿ ಗಳಿಗೆಗೊಮ್ಮೆ ದಿಕ್ಕುಗೆಡುವಳು. ಇದರಿಂದ ನಂಜೇರಿದ ಜ್ವರ, ರಕ್ತದೊತ್ತಡದಿಂದಾಗುವ ಸೆಳವು, ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಇವುಗಳನ್ನು ಮೊದಲು ಶೋಧಿಸಿಯೇ ಮನೋರೋಗವೆಂದು ನಿಶ್ಚಯಿಸತಕ್ಕದ್ದು. ಕಡೆಯದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗತಜ್ಞರು ವಿಶೇಷವಾಗಿ ಅಭ್ಯಸಿಸಿರುವರು. ಬಾಣಂತಿಗೆ ನೀರನ್ನು ಅಳೆದು ಕೊಡುವ ನಮ್ಮ ಪದ್ಧತಿಯನ್ನೂ, ರಕ್ತಹೀನತೆಯನ್ನೂ ಅದರ ಪೋಷಕ ಕಾರಣಗಳಲ್ಲಿ ಎಣಿಸುವುದುಂಟು. ಶೀತವಾದೀತೆಂಬ ಅಂಜಿಕೆಯಿಂದ ಹುಟ್ಟಿದ ಪಥ್ಯವು ಕೇಡನ್ನೇ ತರಬಹುದೆಂಬುದು ವಿಚಾರಾರ್ಹ. ಅದೇ ಸಂಸ್ಥೆಯಲ್ಲಿ 2009ರಲ್ಲಿ ತಾಯಿ ಮಗುಗಳನ್ನು ಅಗಲಿಸದೆ ಚಿಕಿತ್ಸೆ ಮಾಡುವ ವಿಭಾಗವು ಆರಂಭವಾಯಿತು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು.

ದೂರಕ್ಕಿಂತಲೂ ದೊಡ್ಡ ಅಡ್ಡಿಯೊಂದಿದೆ. ಈ ನಿರ್ಣಯವು ಬಹುಪಾಲು ನಿಂತಿರುವುದು ಬಳಿಯಲ್ಲಿದ್ದವರ ಮಾತಿನ ಮೇಲೆ: ತಲೆನೋವು ಮೊದಲು ಬಂದಿತೇ, ಬಡಬಡಿಕೆಯೇ, ಮೈ ಬಿಸಿಯಾಗಿತ್ತೇ, ಎಷ್ಟು ರಾತ್ರಿ ನಿದ್ರೆಯಿಲ್ಲ, ಹಿಂದಿನ ಹೆರಿಗೆಯಲ್ಲಿ ಹೀಗಾಗಿತ್ತೇ? ಇವನ್ನು ಹೇಳಬಲ್ಲವರು ತಾಯಿ, ಅತ್ತೆ, ಸೂಲಗಿತ್ತಿ. ಈ ಜಿಲ್ಲೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿಯಾದರೋ ಸೂತಕದ ನಿಮಿತ್ತ ಬಾಣಂತಿಯನ್ನು ಕೂಸಿನೊಡನೆ ಊರ ಹೊರಗಣ ಗುಡಿಸಲಿನಲ್ಲಿರಿಸುವ ರೂಢಿಯು ಬಹುಕಾಲ ನಡೆದುಬಂದಿದೆ. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹೀಗಿರಿಸಲ್ಪಟ್ಟ ಶಿಶುವೊಂದು ಮಳೆಚಳಿಗಳಲ್ಲಿ ಮೃತವಾದುದು ನಾಡಿಗೆಲ್ಲ ತಿಳಿಯಿತು. ಅಂತಹ ಗುಡಿಸಲಿನಲ್ಲಿ ನಡುರಾತ್ರಿ ತಾಯಿಯ ಮಾತು ತಪ್ಪಿದರೆ, ತಪ್ಪಿದ ಗಳಿಗೆಯನ್ನು ವೈದ್ಯನಿಗೆ ಹೇಳಲು ಯಾರೂ ಇರುವುದಿಲ್ಲ.