ಕಾಗಿ ಒಯ್ತು

ದುಮ್ಮವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಇದೆ. ಮೇಲ್ಗಡೆ ದುಂಡನೆಯ ತೂತು, ಮುಂದುಗಡೆ ಅಂಚು ಕಟ್ಟಿದ ತಟ್ಟೆ. ತೂತಿನಲ್ಲಿ ಚೆಂಡು ಹಾಕಿದರೆ ಒಳಗೆ ಮಾಯವಾಗಿ, ಇಳಿಜಾರಿನಲ್ಲಿ ಉರುಳಿ, ತಟ್ಟೆಗೆ ಬಂದು ನಿಲ್ಲುತ್ತದೆ. ಅಷ್ಟೇ ಅದರ ಕೆಲಸ. ಅಕ್ಕನ ಮಗಳಿಗೆ ಹತ್ತು ತಿಂಗಳು ತುಂಬಿದಾಗ ಧಾರವಾಡದ ಹಾಸ್ಟೆಲಿನಲ್ಲಿ ಕೂತು ಆನ್‌ಲೈನಿನಲ್ಲಿ ತರಿಸಿದ್ದೆ. ಫೆಲೋಶಿಪ್ಪಿನ ದುಡ್ಡಿನಲ್ಲಿ ಸಾವಿರ ರೂಪಾಯಿಗೂ ಮೇಲೆ ಹೋಯಿತು.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಡಬ್ಬಿಗೆ ಒಂದು ತೂತು ಕೊರಿಯಾಕ ಸಾವಿರ ರೂಪಾಯಿ ಕೊಟ್ಟೀ? ಇಷ್ಟು ಓದಿ ಇದನ್ನ ಕಲತಿ ಏನ?” ಅಂದಳು. ಆಮೇಲೆ ಮಗುವಿನ ಕೈಯಲ್ಲಿದ್ದ ಸ್ಟೀಲಿನ ವಾಟಿ ಕಸಿದು ಸೆರಗಿನೊಳಗೆ ಮುಚ್ಚಿಟ್ಟು, ಮಾಡಿನ ಕಡೆ ನೋಡಿ, “ಕಾಗಿ ಒಯ್ತು!” ಎಂದಳು. ಮಗು ಮಾಡಿನತ್ತ ನೋಡಿತು, ಅವ್ವನ ಮುಖ ನೋಡಿತು, ಕಡೆಗೆ ಕೈ ಚಾಚಿ ಸೆರಗು ಎಳೆಯಿತು. “ಬಂತು ನೋಡು!”

ನಾನು ಸಂಶೋಧನೆ ಮಾಡುತ್ತಿರುವುದು ಶಿಶುಶಿಕ್ಷಣದ ಇತಿಹಾಸದ ಮೇಲೆ. ಆ ಸಂಜೆ ನಗು ಬಂದರೂ ಪ್ರಶ್ನೆಯೊಂದು ಉಳಿಯಿತು. ಅವ್ವನ ಸೆರಗು ಮಾಡುವ ಕೆಲಸಕ್ಕೆ ಈ ಪೆಟ್ಟಿಗೆ ಯಾಕೆ ಬಂತು? ಎಲ್ಲಿಂದ ಬಂತು?

ಪೆಟ್ಟಿಗೆಯ ಹೆಸರಿನಿಂದ ಶುರು ಮಾಡೋಣ. ಇಂಗ್ಲಿಷಿನಲ್ಲಿ ಇದನ್ನು ‘ಆಬ್ಜೆಕ್ಟ್ ಪರ್ಮನೆನ್ಸ್ ಬಾಕ್ಸ್’ ಎನ್ನುತ್ತಾರೆ. ಕಣ್ಣಿಗೆ ಕಾಣದಿದ್ದರೂ ವಸ್ತು ಇದ್ದೇ ಇರುತ್ತದೆ ಎಂಬ ತಿಳಿವಿಗೆ ಇಟ್ಟ ಹೆಸರು ಅದು. ಈ ತಿಳಿವಿನ ಶಾಸ್ತ್ರ ಕಟ್ಟಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. 1925ರಿಂದ 1931ರ ನಡುವೆ ಹುಟ್ಟಿದ ತಮ್ಮ ಮೂರು ಮಕ್ಕಳ ಮುಂದೆಯೇ ಕೂತು, ಆಟಿಕೆಯನ್ನು ಬಟ್ಟೆಯಡಿ ಮುಚ್ಚಿ, ಮಗು ಏನು ಮಾಡುತ್ತದೆಂದು ಬರೆದಿಟ್ಟುಕೊಂಡರು. ಸುಮಾರು ಎಂಟು ತಿಂಗಳವರೆಗೆ ಮಗು ಮುಚ್ಚಿಟ್ಟದ್ದನ್ನು ಹುಡುಕುವುದೇ ಇಲ್ಲ. ಎಂಟರಿಂದ ಹನ್ನೆರಡು ತಿಂಗಳಿನಲ್ಲಿ ಹುಡುಕುತ್ತದೆ, ಆದರೆ ಒಂದು ವಿಚಿತ್ರ ತಪ್ಪು ಮಾಡುತ್ತದೆ. ವಸ್ತುವನ್ನು ಅದರ ಕಣ್ಣೆದುರೇ ಬೇರೆ ಕಡೆ ಬಚ್ಚಿಟ್ಟರೂ ಮೊದಲು ಸಿಕ್ಕ ಜಾಗದಲ್ಲೇ ಹುಡುಕುತ್ತದೆ. ಒಂದೂವರೆ ವರ್ಷ ದಾಟಿದ ಮೇಲೆ, ತಾನು ನೋಡದಂತೆ ಜಾಗ ಬದಲಿಸಿದ್ದನ್ನೂ ಊಹಿಸಿ ಹುಡುಕಬಲ್ಲದು. 1980ರ ದಶಕದಲ್ಲಿ ರೆನೆ ಬೈಯಾರ್ಜೋನ್ ಮತ್ತವರ ಜೊತೆಗಾರರು ಕೈ ಬಿಟ್ಟು ಕಣ್ಣನ್ನು ಗಮನಿಸಿದರು. ಆಗದ್ದು ಆದಂತೆ ಕಂಡಾಗ ಐದು ತಿಂಗಳ ಕೂಸೂ ಹೆಚ್ಚು ಹೊತ್ತು ದಿಟ್ಟಿಸುತ್ತದೆ. ಅಂದರೆ ಕೈ ಹುಡುಕುವ ಮೊದಲೇ ಕಣ್ಣಿಗೆ ಏನೋ ಗೊತ್ತಿರುತ್ತದೆ.

ಹೆಸರು ಪಿಯಾಜೆಯದಾದರೆ ಕಟ್ಟಿಗೆ ಮರಿಯಾ ಮಾಂಟೆಸರಿಯ ಪರಂಪರೆಯದು. ಆದರೆ ಆಕೆ 1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೋದಲ್ಲಿ ತೆರೆದ ‘ಮಕ್ಕಳ ಮನೆ’ಯಲ್ಲಿ ಈ ಪೆಟ್ಟಿಗೆ ಇರಲಿಲ್ಲ. ಅಲ್ಲಿದ್ದವರು ಎರಡು-ಮೂರು ವರ್ಷ ದಾಟಿದ ಮಕ್ಕಳು. ಹುಟ್ಟಿನಿಂದ ಮೂರು ವರ್ಷದವರೆಗಿನ ಕೂಸುಗಳಿಗಾಗಿ ಮಾಂಟೆಸರಿ ತರಬೇತಿ ಶುರುವಾದದ್ದು 1947ರಲ್ಲಿ, ರೋಮಿನಲ್ಲಿ, ಆಕೆಯ ಶಿಷ್ಯೆ ಅಡೆಲೆ ಕೋಸ್ಟಾ ನ್ಯೊಕ್ಕಿಯವರಿಂದ. ಪೆಟ್ಟಿಗೆ ಸೇರುವುದು ಆ ಕವಲಿಗೆ.

ಇಬ್ಬರ ದಾರಿಯೂ ಒಂದು ಕಡೆ ಕೂಡುತ್ತದೆ. 1930ರ ದಶಕದಲ್ಲಿ ಪಿಯಾಜೆ ಸ್ವಿಸ್ ಮಾಂಟೆಸರಿ ಸಂಘದ ಅಧ್ಯಕ್ಷರಾಗಿದ್ದರು. ಅದೇ ದಶಕದಲ್ಲಿ ಬಂದ ‘ದಿ ಸೀಕ್ರೆಟ್ ಆಫ್ ಚೈಲ್ಡ್‌ಹುಡ್’ ಪುಸ್ತಕದಲ್ಲಿ ಮಾಂಟೆಸರಿ ಪಿಯಾಜೆಯ ಪ್ರಯೋಗವೊಂದನ್ನು ನೆನೆಯುತ್ತಾರೆ. ಕುರ್ಚಿಯ ಮೆತ್ತೆಯಡಿ ಬಚ್ಚಿಟ್ಟದ್ದನ್ನು ಎದುರಿನ ಕುರ್ಚಿಗೆ ದಾಟಿಸಿದರೂ ಮಗು ಮೊದಲಿನ ಕುರ್ಚಿಯಲ್ಲೇ ನೋಡುತ್ತದೆ. ಪಿಯಾಜೆಗೆ ಅದು ಇನ್ನೂ ಪಕ್ವವಾಗದ ಬುದ್ಧಿ. ಮಾಂಟೆಸರಿಗೆ ಹಾಗಲ್ಲ. ತಾನು ಕಂಡ ಪುಟ್ಟ ಮಕ್ಕಳ ಕಣ್ಣಾಮುಚ್ಚಾಲೆಯ ಕತೆಯನ್ನು ಆಕೆ ಪಕ್ಕದಲ್ಲಿಡುತ್ತಾರೆ. ಒಬ್ಬ ಮೇಜಿನ ಬಟ್ಟೆಯಡಿ ಅಡಗುತ್ತಾನೆ, ಉಳಿದವರು ಹೊರಗೆ ಹೋಗಿ ಬಂದು ಬಟ್ಟೆ ಎತ್ತಿ ಸಂತೋಷದಿಂದ ಕೂಗುತ್ತಾರೆ. ಮತ್ತೆ ಅದೇ ಜಾಗ, ಮತ್ತೆ ಅದೇ ಕೂಗು. ಮಾಂಟೆಸರಿ ಬೇರೆ ಕಡೆ ಅಡಗಿದಾಗ ಮಕ್ಕಳಿಗೆ ಬೇಜಾರು. ಅವರಿಗೆ ಬೇಕಾದದ್ದು ಪತ್ತೆದಾರಿಯಲ್ಲ, ಇರಬೇಕಾದ ಜಾಗದಲ್ಲಿ ಇರಬೇಕಾದದ್ದು ಸಿಗುವ ಸುಖ.

ಈ ಮಾತು ಬರೆದವರ ಬದುಕನ್ನು ಪಕ್ಕಕ್ಕಿಟ್ಟು ಇದನ್ನು ಓದಲು ನನಗೆ ಆಗುವುದಿಲ್ಲ. 1898ರ ಮಾರ್ಚ್ 31ರಂದು ಮಾಂಟೆಸರಿ ಮದುವೆಯಾಗದೆ ಒಬ್ಬ ಮಗನನ್ನು ಹೆತ್ತರು. ಹೆಸರು ಮಾರಿಯೋ. ಮಗುವನ್ನು ಹಳ್ಳಿಯೊಂದರ ಕುಟುಂಬದಲ್ಲಿ ಸಾಕಲು ಬಿಟ್ಟು, ಆಗಾಗ ಹೋಗಿ ನೋಡಿ ಬರುತ್ತಿದ್ದರು. ತನ್ನ ತಾಯಿ ತೀರಿಕೊಂಡ ಮೇಲೆ, 1913ರ ಹೊತ್ತಿಗೆ, ಹದಿನೈದರ ಮಗನನ್ನು ಜೊತೆಗೆ ಕರೆದುಕೊಂಡರು. ಆಮೇಲೂ ಎಷ್ಟೋ ವರ್ಷ ಜನರ ಮುಂದೆ ಆತ ‘ಸೋದರಳಿಯ’ ಅಥವಾ ‘ದತ್ತುಮಗ’.

1939ರ ನವೆಂಬರಿನಲ್ಲಿ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣೀದೇವಿಯವರ ಕರೆಗೆ ತಾಯಿ ಮಗ ಇಬ್ಬರೂ ಮದ್ರಾಸಿನ ಅಡ್ಯಾರಿಗೆ ಬಂದರು. ಮೊದಲ ತರಬೇತಿಗೆ ಸುಮಾರು 300 ಜನ ಸೇರಿದರು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಸರಕಾರ ಇವರನ್ನು ಶತ್ರುದೇಶದವರೆಂದು ಎಣಿಸಿ, ಮಾರಿಯೋನನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದಿತು. ತಾಯಿ ಅಡ್ಯಾರದಿಂದ ಹೊರಗೆ ಹೋಗುವಂತಿರಲಿಲ್ಲ. ಆಗಸ್ಟ್ 31ಕ್ಕೆ ಆಕೆಗೆ 70 ತುಂಬಿತು. ಆ ದಿನ ವೈಸರಾಯ್ ಕಡೆಯಿಂದ ತಂತಿ ಬಂತು, ಹುಟ್ಟುಹಬ್ಬದ ಕಾಣಿಕೆಯಾಗಿ ಮಗನನ್ನು ಮರಳಿಸುತ್ತಿದ್ದೇವೆ ಎಂದು. ‘ಸೋದರಳಿಯ’ನನ್ನಲ್ಲ, ಮಗನನ್ನು.

ಭಾರತದಲ್ಲಿ ಮಾಂಟೆಸರಿ ಎರಡು ಸಲ ಸೇರಿ 1949ರವರೆಗೆ ಇದ್ದು, ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಯಾರು ಮಾಡಿದರು. ಆದರೆ ಅವರಿಗಿಂತ ಮೊದಲೇ ಅವರ ವಿಚಾರ ಇಲ್ಲಿಗೆ ಬಂದಿತ್ತು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಗೆ ಹೋದರು. ಅಲ್ಲಿ ಬಡ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಆದ್ದರಿಂದ ಬಾಲವಾಡಿಯೇ ಅವರ ಅಂಗಳಕ್ಕೆ ಹೋಯಿತು. ತುಟ್ಟಿಯ ಉಪಕರಣಗಳ ಬದಲು ಕಲ್ಲು, ಎಲೆ, ಚಿಪ್ಪು ಬಂದವು. ‘ಅಂಗನವಾಡಿ’ ಎಂಬ ಕಲ್ಪನೆಗೆ ಅಲ್ಲೇ ಬೇರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ.

ಒಂದು ಎಳೆ ಮಾತ್ರ ಮಧ್ಯದಲ್ಲಿ ಕಡಿಯಿತು. ಅಂಗನವಾಡಿಯ ಪಾಠ ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಸಣ್ಣವರಿಗೆ ಮನೆಗೆ ಪೌಷ್ಟಿಕ ಆಹಾರದ ಪೊಟ್ಟಣ ಬರುತ್ತದೆ. ಅವು ಆಡುವುದೇನು, ಯಾರ ಜೊತೆ ಎಂಬುದು ಮನೆಯವರ ಪಾಲು. 2024ರಲ್ಲಷ್ಟೇ ಕೇಂದ್ರ ಸರಕಾರ ಹುಟ್ಟಿನಿಂದ ಮೂರು ವರ್ಷದವರಿಗಾಗಿ ‘ನವಚೇತನ’ ಎಂಬ ಆಟ-ಚಟುವಟಿಕೆಗಳ ಚೌಕಟ್ಟು ಹೊರತಂದಿತು. ಅದಕ್ಕೂ ಮೊದಲು, 2023ರ ರಾಜ್ಯ ಬಜೆಟ್ಟಿನಲ್ಲಿ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಣೆಯಾಯಿತು. ಆ ಹೆಸರು ಕೇಳಿದಾಗ ನನಗೆ ಸ್ಯಾನ್ ಲೊರೆಂಜೋ ನೆನಪಾಯಿತು. ಅಲ್ಲಿ ಮಾಂಟೆಸರಿಯನ್ನು ಕರೆಸಿದ್ದು ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿದ ಕಂಪನಿ. ಅಪ್ಪ ಅವ್ವ ಇಬ್ಬರೂ ದುಡಿಯಲು ಹೋದಾಗ ಮಕ್ಕಳು ಗೋಡೆ ಕೆಡಿಸುತ್ತಿದ್ದವು ಎಂಬುದು ಅವರ ತಕರಾರು. ರೋಮಿನ ಮಕ್ಕಳ ಮನೆ, ಬೋರ್ಡಿಯ ಅಂಗಳ, ನಮ್ಮ ಕೂಸಿನ ಮನೆ, ಮೂರೂ ಹುಟ್ಟಿದ್ದು ತಾಯಿ ದುಡಿಯಲು ಹೋದ ಹಗಲಿನಲ್ಲಿ. ಈಗ ಅದೇ ಪರಂಪರೆಯ ಪೆಟ್ಟಿಗೆಯನ್ನು ಸಾವಿರ ಕೊಟ್ಟು ತರಿಸುವವರು ನನ್ನಂಥವರು. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ತಾಲೂಕಿನಲ್ಲಿ ಅಂಥದೊಂದು ಪೆಟ್ಟಿಗೆ ಮಾಡಿಕೊಡಲು ಬಡಿಗ್ಯಾರಿಗೆ ಅರ್ಧ ದಿನ ಸಾಕು ಎಂಬುದು ನನಗೆ ಹೊಳೆದಿರಲೇ ಇಲ್ಲ.

ಅಕ್ಕನನ್ನು ಊರಲ್ಲೇ ಕೊಟ್ಟಿದೆ. ಆ ಸಲ ಸೋಯಾಬೀನ್ ಕೊಯ್ಲು ಬಂದಾಗ ಮಗುವನ್ನು ಅವ್ವನ ಹತ್ತಿರ ಬಿಟ್ಟು ಹೊಲಕ್ಕೆ ಹೋಗತೊಡಗಿದಳು. ಮಗು ಅಳುತ್ತದೆಂದು ಹಿತ್ತಲಿನಿಂದ ಸದ್ದಿಲ್ಲದೆ ಜಾರುತ್ತಿದ್ದಳು. ಮಗು ಹುಡುಕಿದರೆ ಅವ್ವನ ಉತ್ತರ ಅದೇ, “ನಿಮ್ಮವ್ವನ್ನ ಕಾಗಿ ಒಯ್ತು.” ಮೂರನೆಯ ದಿನ ನಾನು ತಡೆದೆ. ಹೇಳಿಯೇ ಹೋಗಲಿ, ಹೋಗುವುದು ಮಗುವಿಗೆ ಕಾಣಲಿ ಅಂದೆ. ಅವ್ವ ತುಸು ಹೊತ್ತು ಸುಮ್ಮನಿದ್ದಳು.

“ನೀ ಸಣ್ಣಾಕಿ ಇದ್ದಾಗ ನಾನೂ ಹಿತ್ತಲ ಬಾಗಿಲದಿಂದನ ಹೋಗತಿದ್ನಿ. ನಿಮ್ಮ ಆಯಿ ನಿನಗ ಕಾಗಿ ತೋರಸತಿದ್ರು. ಸಂಜಿಕ ತಲಬಾಗಿಲದಿಂದ ಬರತಿದ್ನೆಲ್ಲ, ನೀ ಹಗಲೆಲ್ಲ ಅಲ್ಲೇ ಹೊಸ್ತಿಲ ಹತ್ರ ಕುಂದರತಿದ್ದಿ. ಉಣ್ಣಾಕ ಕರದ್ರೂ ಏಳತಿದ್ದಿಲ್ಲ.”

ಪಿಯಾಜೆ ‘ತಪ್ಪು’ ಎಂದು ಬರೆದದ್ದನ್ನು ನಾನು ಟಿಪ್ಪಣಿಯಲ್ಲಿ ಎಷ್ಟೋ ಸಲ ಬರೆದುಕೊಂಡಿದ್ದೆ, ಮೊದಲು ಸಿಕ್ಕ ಜಾಗದಲ್ಲೇ ಹುಡುಕುವ ಮಗು ಎಂದು. ಆ ಮಗುವಿಗೆ ಒಂದು ಹೊಸ್ತಿಲು ಇರಬಹುದೆಂದು ಹೊಳೆದಿರಲಿಲ್ಲ.

ಮರುದಿನದಿಂದ ಅಕ್ಕ ಮಗುವಿಗೆ ಹೇಳಿ ತಲಬಾಗಿಲಿನಿಂದ ಹೋದಳು. ನಾಲ್ಕೈದು ದಿನ ಮನೆ ಎದ್ದು ಬಿದ್ದು ಅತ್ತಿತು. ಅವ್ವ ನನ್ನನ್ನು ಬೈದಳು, ಆದರೆ ಕಾಗೆಯ ಹೆಸರು ಮತ್ತೆ ಎತ್ತಲಿಲ್ಲ. ಆ ವಾರದ ಕೊನೆಗೆ, ಸಂಜೆ ಟ್ರ್ಯಾಕ್ಟರಿನ ಸದ್ದು ಓಣಿಯ ತುದಿಯಲ್ಲಿ ಕೇಳುತ್ತಲೇ, ಮಗು ಪೆಟ್ಟಿಗೆ ಬಿಟ್ಟು ಅಂಬೆಗಾಲಿನಲ್ಲಿ ಹೊಸ್ತಿಲ ಕಡೆ ಹೊರಟಿತು. ಅಕ್ಕ ಇನ್ನೂ ಕಾಣಿಸಿರಲಿಲ್ಲ.